ಲಿಫ್ಟಿನಲ್ಲಿ ಇಳಿದ ಕುಸ್ವಾರ್

ದೇವರು ಮನುಷ್ಯನ ಜೊತೆ ರಾಜಿಯಾಗಲು ತಾನೇ ಇಳಿದು ಬಂದ ಎಂಬ ವಿಷಯದ ಮೇಲೆ ಕಮಲಾಕರ ಅಮ್ಮನ್ನರಷ್ಟು ಅಧಿಕಾರದಿಂದ ಮಾತಾಡುವವರು ಚೆನ್ನೈಯ ಕನ್ನಡ ಕ್ರೈಸ್ತರಲ್ಲಿ ಇನ್ನೊಬ್ಬರಿರಲಿಲ್ಲ. ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯಲ್ಲಿ ಜೀವಮಾನವಿಡೀ ಫೈಲು ತಳ್ಳಿ ನಿವೃತ್ತರಾದ ಮೇಲೆ ಅವರಿಗೆ ಉಳಿದ ಉದ್ಯೋಗ ಇದೊಂದೇ. ಎಗ್ಮೋರಿನ ಚರ್ಚಿನಲ್ಲಿ ಮಂಗಳೂರು ಕಡೆಯ ಕೆಲವು ಕುಟುಂಬಗಳು ಸೇರಿ ಮಾಡುವ ಕ್ರಿಸ್ಮಸ್ ಆರಾಧನೆಯಲ್ಲಿ ಸಂದೇಶ ಅವರದೇ. ಬೇರೆ ಯಾರನ್ನಾದರೂ ಕರೆಯೋಣವೆಂದವರ ಮನೆಗೆ ಆ ವರ್ಷ ಅವರು ಕಾಲಿಡುತ್ತಿರಲಿಲ್ಲ.

ಇಂಥ ಮಹಾನುಭಾವರು ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಮ್ಮ ಚಂದು ದೂರದಲ್ಲೇನೂ ಇರಲಿಲ್ಲ. ವೇಲಚೇರಿಯ ಅದೇ ಅಪಾರ್ಟ್‌ಮೆಂಟಿನಲ್ಲಿ ಇವರದು ನಾಲ್ಕನೆಯ ಮಹಡಿ, ಅವನದು ಎರಡನೆಯದು. ಅವನು ಮಾಡಿದ ಘೋರ ಅಪರಾಧವೆಂದರೆ ಬೇರೊಂದು ಕ್ರೈಸ್ತ ಸಭೆ ಸೇರಿ, ಸಮುದ್ರದಲ್ಲಿ ಮುಳುಗಿ ಎರಡನೆಯ ಸಲ ದೀಕ್ಷಾಸ್ನಾನ ಪಡೆದದ್ದು. ಹಸುಗೂಸಾಗಿದ್ದಾಗ ಅಮ್ಮ ಎತ್ತಿಕೊಂಡು ಹೋಗಿ ತಲೆಗೆ ಹಾಕಿಸಿದ ನೀರು ಸಾಲದೇ ಹೋಯಿತಾ ಎಂದು ಅಣ್ಣ ಕೇಳಿದ್ದರು. ಕ್ರಿಸ್ಮಸ್ಸಿನ ತಾರೀಕು ಬೈಬಲಿನಲ್ಲಿ ಎಲ್ಲಿದೆ ತೋರಿಸು ಎಂದು ತಮ್ಮ ತಿರುಗಿ ಕೇಳಿದ್ದ. ಅಲ್ಲಿಗೆ ಮುಗಿಯಿತು. ಮಳೆಗೆ ನೆಲಮಹಡಿ ಮುಳುಗಿ ಎರಡೂ ಮನೆಯವರು ಒಂದೇ ದೋಣಿಗೆ ಕಾದು ನಿಂತಾಗಲೂ ಅಣ್ಣ ಆಕಾಶ ನೋಡುತ್ತಿದ್ದರು.

ಈ ಸಲದ ಸಂದೇಶ ಹಿಂದಿನವನ್ನೆಲ್ಲ ಮೀರಿಸಿತು. ದೇವರು ನಾವು ತಪ್ಪೊಪ್ಪಿಕೊಳ್ಳಲೆಂದು ಕಾಯಲಿಲ್ಲ, ಯಾರ ಕೈಯಲ್ಲೋ ಹೇಳಿ ಕಳಿಸಿ ಸುಮ್ಮನಾಗಲಿಲ್ಲ, ತಾನೇ ದನದ ಗೋದಲಿಗೆ ಬಂದ ಎಂದು ಅವರು ಎರಡೂ ಕೈ ಚಾಚಿ ಹೇಳಿದರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಹೆಂಡತಿ ವಿಮಲಾ ಮಾತ್ರ ಬ್ಯಾಗಿನಲ್ಲಿ ಮನೆಯ ಬೀಗದಕೈ ಹುಡುಕುತ್ತಿದ್ದರು.

ಮನೆಗೆ ಬಂದರೆ ಗೇಟಿನಲ್ಲಿ ಲಾರಿ. ಚಂದುವಿಗೆ ಕ್ರಿಸ್ಮಸ್ ಎಂದರೆ ಒಂದು ರಜೆ ಅಷ್ಟೇ. ಸಾಮಾನು ಸಾಗಿಸಲು ಅದೇ ದಿನ ಆರಿಸಿದ್ದ. ಸಂಜೆಯೊಳಗೆ ಅವನು ಮಗಳಿರುವ ಕೊಯಮತ್ತೂರಿಗೆ ಹೊರಡುತ್ತಾನೆ, ಇನ್ನು ಬರುವುದಿಲ್ಲ ಎಂದು ವಾಚ್‌ಮನ್ ಹೇಳಿದ. ಕಮಲಾಕರರು ಲಾರಿಯನ್ನು ಇನ್ನೊಮ್ಮೆ ತಿರುಗಿ ನೋಡಿದರು. ಆದರೂ ಅವನೇ ಬಂದು ಹೇಳಿ ಹೋಗಲಿ ಎಂದು ಸೋಫಾದ ಮೇಲೆ ಕೂತರು.

ವಿಮಲಾ ಕಿಡಿಯೊ, ಎಳ್ಳು ತುಂಬಿದ ನೆವರಿ, ರೋಸ್ ಕುಕ್ಕಿಗಳನ್ನು ಜೋಡಿಸಿದ ಕುಸ್ವಾರಿನ ತಟ್ಟೆ ತಂದರು. ಕ್ರಿಸ್ಮಸ್ಸಿಗೆ ನೆರೆಹೊರೆಗೆ ಹಂಚುವ ಈ ತಿಂಡಿ ಎದುರುಮನೆಯ ಅಯ್ಯಂಗಾರರಿಗೂ ಹೋಗಿತ್ತು. ಎರಡನೆಯ ಮಹಡಿಗೆ ಮಾತ್ರ ಜಗಳವಾದಂದಿನಿಂದ ಹೋಗಿರಲಿಲ್ಲ.

"ಸ್ವರ್ಗದಿಂದ ಕೊಟ್ಟಿಗೆಗೆ ಇಳಿದದ್ದನ್ನು ಅರ್ಧ ಗಂಟೆ ಹೇಳಿದ್ರಿ," ಎಂದರು. "ನಾಲ್ಕರಿಂದ ಎರಡಕ್ಕೆ ಇಳೀಲಿಕ್ಕೆ ನಿಮಗೇನು ಕಷ್ಟ? ಲಿಫ್ಟ್ ಉಂಟಲ್ಲ."

ಲಿಫ್ಟ್ ಇತ್ತು. ಕಮಲಾಕರರಿಗೆ ಉಪಾಯ ಹೊಳೆದದ್ದೂ ಅದರಿಂದಲೇ. ಪ್ಲಾಸ್ಟಿಕ್ ಸ್ಟೂಲೊಂದನ್ನು ಲಿಫ್ಟಿನೊಳಗಿಟ್ಟು, ಅದರ ಮೇಲೆ ತಟ್ಟೆ ಇಟ್ಟು, ಎರಡನೆಯ ಮಹಡಿಯ ಗುಂಡಿ ಒತ್ತಿ, ಬಾಗಿಲು ಮುಚ್ಚುವ ಮೊದಲೇ ಹೊರಗೆ ಹಾರಿದರು. ಸಾಮಾನು ಇಳಿಸುತ್ತ ಚಂದು ಲಿಫ್ಟಿನೆದುರೇ ನಿಂತಿರುತ್ತಾನೆಂದು ಗೊತ್ತಿತ್ತು. ದೊಡ್ಡತನವೂ ತೋರಿಸಿದಂತಾಯಿತು, ಮರ್ಯಾದೆಯೂ ಉಳಿಯಿತು. ಬೆಳಗ್ಗೆ ಹೇಳಿದ ಸಂದೇಶಕ್ಕೂ ಈ ಸ್ಟೂಲಿಗೂ ಏನಾದರೂ ಸಂಬಂಧವಿದೆಯೆಂದು ಪುಣ್ಯಾತ್ಮರಿಗೆ ತೋರಲೇ ಇಲ್ಲ.

ಲಿಫ್ಟ್ ಕೆಳಗೆ ನಿಂತ ಸದ್ದು ಕೇಳಿತು. ಬಹಳ ಹೊತ್ತು ಅಲ್ಲೇ ಇದ್ದು, ಆಮೇಲೆ ಮೇಲೆ ಬರತೊಡಗಿತು. ತಟ್ಟೆಯನ್ನು ವಾಪಸ್ಸು ಕಳಿಸಿದನೇ ಎಂದು ಅವರಿಗೆ ಸಿಟ್ಟು ನೆತ್ತಿಗೇರಿತು.

ಬಾಗಿಲು ತೆರೆದಾಗ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು, ತಟ್ಟೆ ಹಿಡಿದು ಚಂದು ನಿಂತಿದ್ದ. ಶರ್ಟಿನ ತುಂಬ ಧೂಳು, ಮೀಸೆಯಲ್ಲಿ ನೆವರಿಯ ಎಳ್ಳು.

"ತಟ್ಟೆ ಬಂತು. ಹಿಂದೆಯೇ ನೀನೂ ಬರ್ತೀ ಅಂತ ಕಾದೆ, ಅಣ್ಣ," ಎಂದ. "ನೀನು ಬರ್ಲಿಲ್ಲ. ಅದಕ್ಕೆ ನಾನೇ ಬಂದೆ."

ಕಮಲಾಕರರು ನಾಚಿಕೆಯಿಂದ ತಲೆ ತಗ್ಗಿಸಿದರು. ಇನ್ನೂ ಎಷ್ಟು ಸಾಮಾನುಂಟು ಎಂದು ಕೇಳಿ, ಚಪ್ಪಲಿಯನ್ನೂ ಮೆಟ್ಟದೆ ತಮ್ಮನ ಜೊತೆ ಕೆಳಗಿಳಿದರು.