ಗಂಡಸರ ಕಡೆಯ ಚಾಪೆ

ನಮ್ಮ ಚರ್ಚಿನ ಅಯ್ಯನವರ ಬಿಳಿ ನಿಲುವಂಗಿಯ ಅಂಚು ಯಾವ ಭಾನುವಾರವೂ ಬಿಳಿಯಾಗಿ ಇರುತ್ತಿರಲಿಲ್ಲ. ಆರಾಧನೆಗೆ ಮೊದಲು ಅದನ್ನು ಹಾಕಿಕೊಂಡೇ ರಸ್ತೆ ದಾಟಿ ಎದುರಿನ ಚಹಾ ಹೋಟೆಲಿಗೆ ಹೋಗುತ್ತಿದ್ದರು. ಸನತ್‌ನಗರದ ಆ ರಸ್ತೆಯ ತುಂಬ ಫ್ಯಾಕ್ಟರಿಯ ಕರಿ ಧೂಳು, ಹೋಟೆಲಿನ ತುಂಬ ನಮ್ಮ ಕನ್ನಡ ಸಭೆಯ ಗಂಡಸರು. ಹೆಂಡತಿಯನ್ನೋ ತಾಯಿಯನ್ನೋ ಗಾಡಿಯಲ್ಲಿ ತಂದು ಗೇಟಿನಲ್ಲಿ ಇಳಿಸಿ, ಆರಾಧನೆ ಮುಗಿಯುವ ತನಕ ಅಲ್ಲೇ ಕೂರುವವರು. ನನ್ನ ಮಗನೂ ಅವರಲ್ಲೊಬ್ಬ.

ಅಯ್ಯನವರು ಅವರ ಜೊತೆ ಚಹಾ ಕುಡಿದು, ಕರೆದು, ಒಬ್ಬರೇ ವಾಪಸು ಬರುತ್ತಿದ್ದರು.

ಒಳಗೆ ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಎಡಗಡೆ ನಾವು ಮಕ್ಕಳುಮರಿ ಕಟ್ಟಿಕೊಂಡು ಒಬ್ಬರ ಮೈಮೇಲೊಬ್ಬರು. ಬಲಗಡೆಯ ಚಾಪೆಗಳ ಮೇಲೆ ಒಬ್ಬನೇ ಒಬ್ಬ ಮುದುಕ, ಅವನೂ ನಿದ್ದೆಯಲ್ಲಿ. ಒಮ್ಮೆ ತಡೆಯಲಾರದೆ ಅಲ್ಲಿ ಹೋಗಿ ಕಾಲು ಚಾಚಿ ಕೂತೆ. ಅಯ್ಯನವರು ಪ್ರಸಂಗ ನಿಲ್ಲಿಸಿದರು.

"ಅಮ್ಮಾರ, ಅದು ಅವರ ಜಾಗ ಐತ್ರಿ."

"ಅವರು ಎಲ್ಲಿ ಅದಾರ್ರೀ, ಅಯ್ಯನವರ?"

"ಬರ್ತಾರ. ಬಂದಾಗ ಜಾಗ ಇರಬೇಕಲ್ರಿ."

ಎದ್ದು ಬಂದೆ. ಆ ಸಿಟ್ಟಿಗೆ ಅಂದಿನ ಕೊನೆಯ ಹಾಡನ್ನು ಬೇಕೆಂದೇ ಅಪಸ್ವರದಲ್ಲಿ ಹಾಡಿದೆ.

ಅವರನ್ನು ಒಳಗೆ ತರಲು ಅಯ್ಯನವರು ಗಂಡಸರ ಕೂಟ ಎಂದರು, ಬಿರಿಯಾನಿ ಎಂದರು. ಬಿರಿಯಾನಿಗೆ ಎಲ್ಲರೂ ಬಂದರು. ತಿಂದು, ಕೈ ತೊಳೆದು, ಮತ್ತೆ ಹೋಟೆಲಿಗೆ ಹೋದರು. ಕೊನೆಗೆ ಅಯ್ಯನವರು ನನ್ನ ಮಗನನ್ನೇ ನೇರವಾಗಿ ಕೇಳಿದರಂತೆ. ಅವನ ಉತ್ತರವನ್ನು ಆಮೇಲೆ ನನಗೆ ಹಾಗೇ ಒಪ್ಪಿಸಿದರು: "ಒಳಗ ನಮ್ಮವ್ವ ಮೈಕ್ ಹಿಡಿದು, ನನ್ನ ಹೆಸರು ಹೇಳಿ, ಮಗ ಕುಡಿಯೋದು ಬಿಡ್ಲಿ ಅಂತಾಳ. ನಾ ಯಾವ ಮಾರಿ ಹೊತ್ಕೊಂಡು ಅಲ್ಲಿ ಕುಂದರ್ಲಿ?"

ನಮ್ಮಲ್ಲಿ ಪ್ರಾರ್ಥನೆ ಕೋರುವುದೇ ಹಾಗೆ. ಮೈಕ್ ಸಾಲಾಗಿ ಬರುತ್ತದೆ, ಒಬ್ಬೊಬ್ಬಳೂ ಎದ್ದು ಗಂಡನದೋ ಮಗನದೋ ಹೆಸರು ಹೇಳುತ್ತಾಳೆ. ಯಾರ ಬಗ್ಗೆ ಎಂದು ದೇವರಿಗೆ ಗೊತ್ತಾಗಬೇಡವೇ? ಲೌಡ್‌ಸ್ಪೀಕರ್ ಹೋಟೆಲಿನ ಕಡೆ ಮುಖ ಮಾಡಿತ್ತು ಎನ್ನುವುದು ಬೇರೆ ಮಾತು.

ಮರುವಾರವೇ ಅಯ್ಯನವರು, ಇನ್ನು ಮೈಕಿನಲ್ಲಿ ಅವರವರ ಕಷ್ಟ ಮಾತ್ರ ಹೇಳಿಕೊಳ್ಳಬೇಕು, ಇನ್ನೊಬ್ಬರ ತಪ್ಪು ಹೇಳಬಾರದು ಎಂದರು. ನಾವೆಲ್ಲ ಕುದ್ದುಹೋದೆವು. ಕುಡುಕನ ಕೈಲಿ ಹೊಡೆತ ತಿನ್ನುವವಳು ಮತ್ತೆಲ್ಲಿ ಬಾಯಿ ಬಿಡಬೇಕು ಎಂದು ಅವರ ಮನೆಗೇ ಹೋಗಿ ಜಗಳ ತೆಗೆದೆ.

"ನನ್ನ ಮುಂದ ಹೇಳ್ರಿ. ಅವರ ಮನಿಗೆ ನಾ ಹೋಗ್ತೀನಿ," ಎಂದರು. ಹೋದರು ಕೂಡ, ಬೈಸಿಕೊಂಡು ಬಂದರು, ಮತ್ತೆ ಹೋದರು.

ಇಷ್ಟೆಲ್ಲ ಆಗಿ ಬಂದವರು ಎಷ್ಟು ಜನ? ಬೆರಳೆಣಿಕೆಯವರು. ಓಡಿಹೋಗಲು ಅನುಕೂಲವಾಗುವಂತೆ ಬಾಗಿಲ ಹತ್ತಿರ ಕೂರುತ್ತಿದ್ದರು. ನನ್ನ ಮಗನೂ ಬಂದ. ಅಷ್ಟರಲ್ಲಿ ಜ್ವರವೆಂದು ಮಲಗಿದ ಅಯ್ಯನವರು ಏಳಲೇ ಇಲ್ಲ.

ಆಮೇಲೆ ಬಂದ ಹೊಸ ಅಯ್ಯನವರಿಗೆ ಇದೊಂದೂ ಗೊತ್ತಿಲ್ಲ. ಮೊದಲ ಭಾನುವಾರವೇ ಮೈಕನ್ನು ನಮ್ಮ ಕಡೆ ಕೊಟ್ಟು, ಧಾರಾಳವಾಗಿ ಹೇಳಿ ಎಂದರು. ಮುಂದಿದ್ದವಳು ಗಂಡನ ಹೆಸರು ಹಿಡಿದಳು. ಅವನು ಎದ್ದು ಹೊರಗೆ ಹೋದ. ಅವಳ ಪಕ್ಕದವಳೂ ಹಿಡಿದಳು. ಅವಳ ಗಂಡನೂ ಹೋದ. ನನಗೆ ಅಳು ಬರುವಷ್ಟು ಸಿಟ್ಟು. ಅಷ್ಟರಲ್ಲಿ ಮೈಕ್ ನನ್ನ ಕೈಗೇ ಬಂತು. ಮಗ ಹಿಂದಿನ ದಿನವೂ ಕುಡಿದು ಬಂದಿದ್ದ. ಈಗ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ.

"ನನ್ನ ಮೊಣಕಾಲು ಭಾಳ ನೋಯಾಕತ್ತಾವ್ರಿ, ಪ್ರಾರ್ಥನಾ ಮಾಡ್ರಿ," ಎಂದು ಹೇಳಿ ಕೂತೆ.

ನನ್ನ ಮೊಣಕಾಲು ಕಲ್ಲಿನ ಹಾಗೆ ಗಟ್ಟಿಯಾಗಿವೆ, ನೋವೇನೂ ಇಲ್ಲ. ಮಗ ಮಾತ್ರ ಎದ್ದು ಹೋಗಲಿಲ್ಲ.