ಪಟದಂಗಡಿಯ ರೀಲ್ಸು

ನನ್ನ ಮುಖ ವ್ಯಾಪಾರಕ್ಕೆ ಹೇಳಿಸಿದ್ದಲ್ಲ. ಮದುವೆಮನೆಗೆ ಹೋದರೂ ಜನ ಹತ್ತಿರ ಬಂದು ‘ಯಾಕೆ, ಮನೇಲೇನಾದ್ರೂ ಆಯ್ತಾ?’ ಎಂದು ಮೆಲ್ಲಗೆ ಕೇಳುವಂಥ ಮುಖ. ಹೊಸೂರಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ಕಾಲವೂ ಈ ಮುಖದಿಂದ ನನಗೆ ನಷ್ಟವಾಗಿರಲಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸಲು ಬರುವವರು. ಅವರಿಗೆ ಹಲ್ಲು ಕಿರಿಯುವ ಅಂಗಡಿಯವನು ಬೇಕಿರಲಿಲ್ಲ.

ಆಮೇಲೆ ರೀಲ್ಸು ಬಂತು. ನಮ್ಮ ಬೀದಿಯ ಸೀರೆ ಅಂಗಡಿಯ ಯಜಮಾನರು, ಮಂಡಿನೋವಿನವರು, ಸೀರೆ ಹೊದ್ದುಕೊಂಡು ಗಿರ್ರನೆ ತಿರುಗತೊಡಗಿದರು. ಬಿರಿಯಾನಿಯವರು ಮುಚ್ಚಳ ತೆಗೆದು ಹೊಗೆಯ ಒಳಗಿಂದ ಮುಖ ತೋರಿಸಿದರು. ಆಲಸನತ್ತಂ ಕಡೆ ಸೈಟು ಮಾರುವವರೊಬ್ಬರು ಬರೀ ಬಯಲಲ್ಲಿ ಓಡೋಡಿ ಬಂದು ಕೈ ಚಾಚಿ ‘ಇದೇ ನಿಮ್ಮ ಮನೆಯ ಹಾಲ್!’ ಎಂದರು. ಅಲ್ಲಿ ಒಂದು ಮುಳ್ಳಿನ ಗಿಡ ಬಿಟ್ಟರೆ ಏನೂ ಇರಲಿಲ್ಲ. ನನ್ನ ಅಂಗಡಿಗೆ ಮಾತ್ರ ಜನ ಕಡಿಮೆಯಾಗುತ್ತಾ ಬಂದರು. ಫೋಟೋ ಎಲ್ಲ ಫೋನಿನಲ್ಲೇ ಇರುವಾಗ ಗೋಡೆಗೆ ಮೊಳೆ ಹೊಡೆಯುವವರು ಯಾರು?

ಹೀಗಾಗಿ ನಾವೂ ರೀಲ್ಸು ಮಾಡಬೇಕೆಂದು ನನ್ನ ಹೆಂಡತಿ ಸರೋಜ ತೀರ್ಮಾನಿಸಿದಳು. ಫೋನು ಅವಳ ಕೈಯಲ್ಲಿ, ಪಟ ನನ್ನ ಕೈಯಲ್ಲಿ.

“ರೀ, ಒಸಿ ನಗ್ರೀ.”

“ಸತ್ತೋರ ಪಟ ಹಿಡ್ಕಂಡು ಹೆಂಗೆ ನಗ್ಲೇ?”

“ನಗ್ಬೇಡಿ ಬಿಡಿ, ಹಲ್ಲಾದ್ರೂ ತೋರ್ಸಿ.”

ಮೊದಲ ಕೆಲವು ರೀಲ್ಸನ್ನು ನಮ್ಮ ನೆಂಟರು ನೋಡಿದರು. ನೆಂಟರು ನೋಡಿದರೆ ಫೋನು ಮಾಡಿ ನಗುತ್ತಾರೆಯೇ ಹೊರತು ಕಟ್ಟು ಹಾಕಿಸುವುದಿಲ್ಲ.

ಈ ಹೊತ್ತಿಗೆ ಮುನಿರಾಜು ಬಂದರು. ಅವರ ಅಣ್ಣ ನಾರಾಯಣಪ್ಪ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು, ಎದೆನೋವು ಬಂದು ಹೋಗಿಬಿಟ್ಟಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಪಟ ಬೇಕಿತ್ತು. ಅಣ್ಣನ ಫೋನಿನಲ್ಲಿ ಇಡೀ ಸಂಸಾರದ ಫೋಟೋಗಳಿದ್ದವಂತೆ; ಆದರೆ ಅದರ ಲಾಕು ತೆಗೆಯುವುದು ಅಣ್ಣನೊಬ್ಬನಿಗೇ ಗೊತ್ತಿತ್ತು. ಸಿಕ್ಕಿದ್ದು ಕಾರ್ಖಾನೆಯ ಗುರುತಿನ ಚೀಟಿ, ಅದರ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಮುಖ, ಬೆವರು ಕುಡಿದು ಗೀರುಬಿದ್ದದ್ದು.

ಇಂಥ ಮುಖ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಂಪ್ಯೂಟರಿನಲ್ಲಿ ಗೀರುಗಳನ್ನೆಲ್ಲ ಒರೆಸಿದೆ. ಬಲಹುಬ್ಬಿನ ಮೇಲೆ ಒಂದು ಉದ್ದನೆಯ ಗೀರಿತ್ತು, ಅದನ್ನೂ ಒರೆಸಿದೆ. ಬಣ್ಣ ತುಸು ತಿಳಿಯಾಗಿಸಿದೆ. ಕೊನೆಗೆ ಕೋಟು ತೊಡಿಸಿದೆ. ನನ್ನ ಬಳಿ ಒಂದು ನೀಲಿ ಕೋಟಿದೆ, ಕಂಪ್ಯೂಟರಿನ ಒಳಗೆ. ಈ ಸೀಮೆಯಲ್ಲಿ ಬದುಕಿರುವಾಗ ಅಂಗಿಯ ಗುಂಡಿ ಸರಿಯಾಗಿ ಹಾಕದವರೆಲ್ಲ ಸತ್ತ ಮೇಲೆ ಆ ಕೋಟು ತೊಟ್ಟು ಗೋಡೆಯ ಮೇಲೆ ಕುಳಿತಿದ್ದಾರೆ. ಇದಕ್ಕೆ ನಾನು ಸಂಪ್ರದಾಯದ ಬೆಂಬಲವನ್ನೂ ಹುಡುಕಿಟ್ಟುಕೊಂಡಿದ್ದೆ. ನಮ್ಮ ಕೃಷ್ಣಗಿರಿ ಕಡೆ ಹೊಲದ ಬದು, ಕೆರೆಯ ಏರಿ, ಎಲ್ಲಿ ನೋಡಿದರೂ ವೀರಗಲ್ಲು. ದನ ಬಿಡಿಸಲು ಹೋಗಿ ಸತ್ತವನು, ಊರು ಕಾಯುತ್ತಾ ಸತ್ತವನು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಮುಖ, ಒಂದೇ ಸೊಂಟಪಟ್ಟಿ, ಎತ್ತಿದ ಒಂದೇ ಕತ್ತಿ. ಕಲ್ಲುಕುಟಿಗನ ಬಳಿಯೂ ಹೊಲಿದು ಸಿದ್ಧವಾಗಿದ್ದ ಕೋಟೊಂದು ಇದ್ದಿರಲೇಬೇಕು.

ಮುನಿರಾಜು ಪಟ ನೋಡಿ ಅತ್ತರು. “ಚೆನ್ನಾಗೈತೆ ಅಣ್ಣಾ,” ಎಂದು ಕಾಗದ ಸುತ್ತಿಸಿಕೊಂಡು ಹೋದರು. ಅಳುವವರು ಚೆನ್ನಾಗಿದೆ ಎಂದರೆ ನಾನು ಅದನ್ನು ಕೆಲಸದ ಹೊಗಳಿಕೆ ಎಂದೇ ತಿಳಿಯುತ್ತಿದ್ದೆ. ಅವರು ಪಟ ಒಯ್ಯಲು ಬರುವ ಮೊದಲೇ ಸರೋಜ ರೀಲ್ಸು ಮಾಡಿ ಮುಗಿಸಿದ್ದಳು: ಹಳೆಯ ಚೀಟಿ ಕಣ್ಣು ಮಿಟುಕಿಸುವಷ್ಟು ಹೊತ್ತು, ಅದರ ಮೇಲೆ ನನ್ನ ಅಂಗೈ, ಅಂಗೈ ಸರಿದರೆ ಹಾರ ಹಾಕಿದ ಕೋಟಿನ ನಾರಾಯಣಪ್ಪ. ಹಿಂದೆ ಆಗ ಎಲ್ಲರ ಬಾಯಲ್ಲಿದ್ದ ಒಂದು ಕುಣಿತದ ತಮಿಳು ಹಾಡು. ಮನೆಯವರನ್ನು ಒಂದು ಮಾತು ಕೇಳಿ ಮಾಡಬೇಕೆಂದು ನನಗಾಗಲಿ ಅವಳಿಗಾಗಲಿ ಹೊಳೆಯಲೇ ಇಲ್ಲ.

ಅದೇ ರೀಲ್ಸು ಓಡಿತು ನೋಡಿ! ಎರಡೇ ದಿನಕ್ಕೆ ಸಾವಿರಾರು ಜನ. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಶಹಬ್ಬಾಸ್‌ಗಿರಿ. ಒಬ್ಬರು ತಮ್ಮ ತಾತನಿಗೂ ಅದೇ ಕೋಟು ಹಾಕಿಕೊಡಿ ಎಂದು ಬಂದೇಬಿಟ್ಟರು. ನಾನು ಕನ್ನಡಿಯ ಮುಂದೆ ನಿಂತು ಹಲ್ಲು ತೋರಿಸುವುದನ್ನು ಅಭ್ಯಾಸ ಮಾಡಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೂರನೆಯ ದಿನ ಮುನಿರಾಜು ಫೋನು ಮಾಡಿದರು. ಬೈಯುವ ದನಿಯಲ್ಲ, ಬೇಡುವ ದನಿ.

“ಅಣ್ಣಾ, ಆ ವಿಡಿಯೋ ತೆಗ್ದುಬುಡಿ. ನಮ್ಮಮ್ಮುಂಗೆ ಇನ್ನೂ ಹೇಳಿಲ್ಲ.”

ತಾಯಿ ಅಂಚೆಟ್ಟಿಯಾಚೆಯ ಬೆಟ್ಟದ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಹೃದಯ ಬಹಳ ದುರ್ಬಲವಾಗಿದೆ, ಆಘಾತ ತಡೆಯಲಾರದು ಎಂದು ಡಾಕ್ಟರು ಹೇಳಿದ್ದರಿಂದ ಮಕ್ಕಳು ಸಾವನ್ನು ಮುಚ್ಚಿಟ್ಟು, ಕಂಪನಿಯವರು ಅಣ್ಣನನ್ನು ಉತ್ತರದ ಕಡೆ ಕೆಲಸಕ್ಕೆ ಕಳಿಸಿದ್ದಾರೆ ಎಂದಿದ್ದರು. ನಾನು ತಕ್ಷಣ ಅಳಿಸಿದೆ. ಅಳಿಸಿ ಏನು ಬಂತು? ಆ ಹೊತ್ತಿಗೆ ಅದನ್ನು ಇಳಿಸಿಕೊಂಡವರು, ಹಂಚಿದವರು ಎಷ್ಟು ಜನವೋ. ದಿನಕ್ಕೆ ನಾಲ್ಕು ಬಸ್ಸು ಹೋಗದ ಆ ಬೆಟ್ಟಕ್ಕೂ ರೀಲ್ಸು ಹೋಗುತ್ತದೆ. ಆ ವಾರವಿಡೀ ಒಂದು ಜೀವ ನನ್ನ ಅಂಗೈ ಸರಿಯುವುದರ ಮೇಲೆ ನಿಂತಿತ್ತು. ಫೋನು ಬಡಿದುಕೊಂಡಾಗಲೆಲ್ಲ ಸರೋಜ ನನ್ನ ಮುಖ ನೋಡುವಳು, ನಾನು ಅವಳ ಮುಖ ನೋಡುವೆ.

ವಾರ ಕಳೆದು ಮುನಿರಾಜು ತಾವೇ ಬಂದರು. ಸ್ಟೂಲಿನ ಮೇಲೆ ಕುಳಿತು ನೀರು ಕುಡಿದು ಹೇಳಿದರು. ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು, ಏನೂ ಅರಿಯದವಳು, ‘ನೋಡಜ್ಜಿ, ಹಳೇ ಫೋಟೋನ ಹೆಂಗೆ ಹೊಸದು ಮಾಡವ್ರೆ’ ಎಂದು ಫೋನು ತಂದು ಅಮ್ಮನ ಕೈಗೇ ಕೊಟ್ಟಿದ್ದಳಂತೆ. ಅಕ್ಕ ಬಾಗಿಲಲ್ಲಿ ಕಲ್ಲಾಗಿ ನಿಂತಳಂತೆ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು.

“ಆಮೇಲೆ?” ಎಂದೆ.

“‘ಪಾಪ, ಯಾವ ತಾಯಿ ಮಗನೋ, ಎಷ್ಟು ಲಕ್ಷಣವಾಗವ್ನೆ’ ಅಂತ ಕಣ್ಣೊರೆಸ್ಕಂಡ್ಲಂತೆ ಅಣ್ಣಾ. ಗುರುತೇ ಸಿಗ್ನಿಲ್ಲ. ಅಣ್ಣನ ಹುಬ್ಬಿನ ಮೇಲೆ ಗಾಯದ ಗುರುತಿತ್ತು, ಚಿಕ್ಕವನಾಗಿದ್ದಾಗ ಬಂಡೆ ಮೇಲಿಂದ ಬಿದ್ದಿದ್ದು. ಅದು ನಿಮ್ಮ ಫೋಟೋದಲ್ಲಿ ಇರ್ನಿಲ್ವಲ್ಲ.”

ನಾನು ಗೀರೆಂದು ಒರೆಸಿದ್ದು ಅದನ್ನೇ. ಪಟ ಒಯ್ದ ದಿನವೇ ಗಾಯ ಇಲ್ಲದ್ದು ಮುನಿರಾಜುಗೆ ಕಂಡಿತ್ತಂತೆ, ನನಗೆ ಬೇಜಾರಾಗುತ್ತದೆಂದು ಹೇಳಿರಲಿಲ್ಲ. ಈಗ ಅವರು ನನಗೆ ಕೈಮುಗಿದರು. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಾಗಲಿ, ಇದಕ್ಕಿಂತ ದೊಡ್ಡ ಪುಣ್ಯವಾಗಲಿ ನನಗೆ ಸಿಕ್ಕಿದ್ದಿಲ್ಲ. ಹೆತ್ತವಳೇ ಗುರುತಿಸಲಾರದಂಥ ಪಟ ಮಾಡಿದ್ದೆ, ಹಾಗಾಗಿ ಅವಳು ಉಳಿದಿದ್ದಳು. ತನ್ನ ಮಗನಿಗಾಗಿಯೇ, ಆದರೆ ಬೇರೆ ಯಾವುದೋ ತಾಯಿಯ ಪರವಾಗಿ ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ನಮ್ಮ ನಾರಾಯಣ ಯಾವಾಗ್ ಬತ್ತಾನಂತೆ?’ ಎಂದು ಕೇಳಿದ್ದಳು.

ಹೋಗುವ ಮುಂಚೆ ಮುನಿರಾಜು ಇನ್ನೊಂದು ಪಟಕ್ಕೆ ಹೇಳಿದರು. ಒಂದಲ್ಲ ಒಂದು ದಿನ ಅಮ್ಮನಿಗೆ ಹೇಳಲೇಬೇಕು, ಆ ದಿನಕ್ಕೆ ಕೋಟಿಲ್ಲದ್ದು ಬೇಕು, ಗಾಯ ಇರಲಿ ಎಂದರು. ತಮ್ಮ ಹುಬ್ಬಿನ ಮೇಲೆ ಉಗುರಿನಿಂದ ಗೆರೆ ಎಳೆದು ಎಲ್ಲಿಂದ ಎಲ್ಲಿಗೆ ಎಂದು ತೋರಿಸಿದರು.

ಈಗಲೂ ನಾವು ರೀಲ್ಸು ಮಾಡುತ್ತೇವೆ, ಹೆಚ್ಚಾಗಿ ದೇವರ ಪಟಗಳದ್ದು. ತೀರಿಕೊಂಡವರದ್ದಾದರೆ ‘ಮನೇಲಿ ಎಲ್ರಿಗೂ ಗೊತ್ತಾ?’ ಎಂದು ಸರೋಜ ಮೊದಲು ಕೇಳುತ್ತಾಳೆ. ಕೆಲವರು ‘ಒಬ್ರಿಗೆ ಇಲ್ಲ’ ಅನ್ನುತ್ತಾರೆ. ಅವಳು ಫೋನು ಕೆಳಗಿಡುತ್ತಾಳೆ.

ಮುನಿರಾಜು ಹೇಳಿದ ಪಟ ಸಿದ್ಧವಾಗಿ ಕಾಗದ ಸುತ್ತಿಕೊಂಡು ಒಳಗಿನ ಗೋಡೆಗೆ ಒರಗಿದೆ. ತಿಂಗಳುಗಳೇ ಆದವು, ಅವರು ಒಯ್ಯಲು ಬಂದಿಲ್ಲ. ಗಿರಾಕಿ ಬರಲಿ ಎಂದು ಈ ವಯಸ್ಸಿನಲ್ಲಿ ಹಲ್ಲು ತೋರಿಸಲು ಕಲಿತವನು ನಾನು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಮಾತ್ರ, ಇವತ್ತೂ ಅವರು ಬಾರದಿರಲಪ್ಪಾ ಎಂದುಕೊಳ್ಳುತ್ತೇನೆ.