ಗ್ರೇಕಾ ಆರಿಸಿದ ಚಾಕು

ಗಂಡ ಪ್ರಿಯಾಮೊ ಸತ್ತ ಮರುವರ್ಷದ ಚಳಿಗಾಲವಿಡೀ ಪ್ರತಿ ಭಾನುವಾರ ಸಂಜೆ ಗ್ರೇಕಾಳ ಮನೆಗೆ ಕಾಡುಹಂದಿ ಮಾಂಸದ ಒಂದು ಪಾಲು ಬರುತ್ತಿತ್ತು. ಬೇಟೆಗೆ ಬರಲಾಗದ ರೋಗಿಗೆ, ಗಂಡ ಸತ್ತವಳಿಗೆ ಒಂದು ಪಾಲು ಎತ್ತಿಡುವುದು ಸಾರ್ಡೀನಿಯಾದ ಆ ಬೆಟ್ಟದೂರುಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಬೇಟೆ ತಂಡದ ಯಜಮಾನ ಆಂತಿಯೋಗು ತಾನೇ ತಂದುಕೊಡುತ್ತಿದ್ದ. ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತು, ಪೊಟ್ಟಣ ಕೊಟ್ಟು, ಚಳಿಯ ಬಗ್ಗೆ ಎರಡು ಮಾತಾಡಿ ಹೊರಟುಬಿಡುತ್ತಿದ್ದ.

ಪೊಟ್ಟಣ ಬಿಚ್ಚಿದರೆ ಮಾಂಸದ ತುಂಬ ಕೂದಲು. ಕೆಲವು ಸಲ ಪಿತ್ತಕೋಶ ಒಡೆದು ಹಸಿರುಗಟ್ಟಿರುತ್ತಿತ್ತು. ಮೂವತ್ತು ವರ್ಷ ಆ ತಂಡದಲ್ಲಿ ಹಂದಿಯ ಹೊಟ್ಟೆ ಸೀಳಿ, ಚರ್ಮ ಸುಲಿದು ಪಾಲು ಹಾಕುತ್ತಿದ್ದವನು ಪ್ರಿಯಾಮೊ. ಅವನ ಕೈಯಿಂದ ಬಂದ ಮಾಂಸ ಹಾಗೇ ಹಂಚಿಗೆ ಹಾಕುವಷ್ಟು ಚೊಕ್ಕಟವಾಗಿರುತ್ತಿತ್ತು.

ಅವನು ಸತ್ತದ್ದೂ ಬೇಟೆಯಲ್ಲೇ. ನಾಯಿಗಳು ಹಂದಿಯನ್ನು ಎಬ್ಬಿಸಿಕೊಂಡು ಬರುವಾಗ ಪಕ್ಕದ ಕಾವಲಿನಲ್ಲಿದ್ದ ಎಲಿಯಾ ಅಲುಗಿದ ಪೊದೆಗೆ ಗುಂಡು ಹೊಡೆದ. ಪೊದೆಯ ಹಿಂದೆ ಇದ್ದದ್ದು ಪ್ರಿಯಾಮೊ. ಇಬ್ಬರೂ ಚಿಕ್ಕಂದಿನಲ್ಲಿ ಒಟ್ಟಿಗೆ ಕುರಿ ಕಾಯ್ದವರು. ನ್ಯಾಯಾಲಯ ಎಲಿಯಾನ ಬಂದೂಕಿನ ಪರವಾನಗಿ ಕಿತ್ತುಕೊಂಡಿತು. ಅವನು ನಾಯಿಗಳನ್ನು ಯಾರಿಗೋ ಕೊಟ್ಟು ಮನೆ ಸೇರಿದವನು ಆಮೇಲೆ ಇಗರ್ಜಿಗೂ ಬರಲಿಲ್ಲ.

ಜನವರಿಯ ಕೊನೆಯ ಭಾನುವಾರ ಆಂತಿಯೋಗು ಬಂದಾಗ ಗ್ರೇಕಾ ಅವನೆದುರಿಗೇ ಪೊಟ್ಟಣ ಬಿಚ್ಚಿದಳು.

"ಇದನ್ನ ಯಾರು ಸುಲಿದದ್ದು?"

"ಸರದಿ ಮೇಲೆ ಸುಲೀತೀವಿ ಅಕ್ಕ. ಎಲ್ಲರೂ."

"ಎಲ್ಲರೂ ಸೇರಿ ಕೆಡಿಸ್ತಿದೀವಿ ಅನ್ನು."

ಆಂತಿಯೋಗು ಪೆಚ್ಚಾಗಿ ನಕ್ಕ. "ಅಷ್ಟು ಗೊತ್ತಿದ್ರೆ ನೀನೇ ಬಂದು ಸುಲಿಯಬಾರ್ದಾ?"

"ಬರ್ತೀನಿ. ಆದ್ರೆ ಇನ್ಮೇಲೆ ಮನೆಗೆ ಪಾಲು ಕಳಿಸೋದು ಬೇಡ. ಕೆಲಸ ಮಾಡಿ ತಗೊಂಡು ಹೋಗ್ತೀನಿ."

ತಮಾಷೆ ಅಂದುಕೊಂಡು ಅವನು ಹೊರಟುಹೋದ. ಗ್ರೇಕಾ ತಮಾಷೆ ಮಾಡಿರಲಿಲ್ಲ. ಅಪ್ಪನ ಕುರಿದೊಡ್ಡಿಯಲ್ಲಿ ಹತ್ತನೇ ವಯಸ್ಸಿಗೇ ಮರಿಗಳ ಚರ್ಮ ಬಿಡಿಸಿದವಳು ಅವಳು. ಮದುವೆಯಾದ ಮೇಲೆ ಅದು ಗಂಡನ ಕೆಲಸವಾಯಿತು, ಅಷ್ಟೆ.

ಮುಂದಿನ ಬೇಟೆಯ ಕಾಲ ಶುರುವಾಗುವ ಮುನ್ನ, ಅಕ್ಟೋಬರಿನಲ್ಲಿ, ಅವಳು ಬಸ್ಸು ಹತ್ತಿ ಆರ್ಬುಸ್‌ಗೆ ಹೋದಳು. ಅಲ್ಲಿ ಸಿಲ್ವೇರಿಯೊ ಮಾಮನ ಚಾಕುಗಳೆಂದರೆ ಸುತ್ತಲ ಕುರುಬರಿಗೆಲ್ಲ ನಂಬಿಕೆ. ಎಪ್ಪತ್ತು ದಾಟಿದ ಮುದುಕ, ಟಗರಿನ ಕೊಂಬಿನ ರಾಶಿಯ ನಡುವೆ ಕೂತು ಒಂದು ಹಿಡಿಯನ್ನು ಅರದಿಂದ ಉಜ್ಜುತ್ತಿದ್ದ. ಬಂದವಳು ಯಾರೆಂದು ಗುರುತು ಸಿಕ್ಕಿ ಅರ ಕೆಳಗಿಟ್ಟ.

"ಪ್ರಿಯಾಮೊಗೆ ನಾನೇ ಒಂದು ಮಾಡಿಕೊಟ್ಟಿದ್ದೆನಲ್ಲಮ್ಮಾ. ಅದೇನಾಯ್ತು?"

"ಮನೇಲಿದೆ ಮಾಮ. ಅದು ಅವರ ಕೈಗೆ ಮಾಡಿದ್ದು. ನನ್ನ ಕೈಲಿ ನಿಲ್ಲಲ್ಲ." ಅವಳು ಬಲಗೈ ಚಾಚಿ ತೋರುಬೆರಳ ಮೇಲಿನ ಗಾಯದ ಗೆರೆ ತೋರಿಸಿದಳು. ಬೇಸಿಗೆಯಲ್ಲಿ ಅಣ್ಣನ ದೊಡ್ಡಿಗೆ ಹೋಗಿ ಆ ಚಾಕುವಿನಿಂದ ಒಂದು ಕುರಿ ಸುಲಿದು ನೋಡಿದ್ದಳು. ಕುರಿಯ ಕಾಲಿನ ಕೀಲಿನ ಹತ್ತಿರ ಒತ್ತಿದಾಗ ಚಾಕು ತಾನಾಗಿ ಮಡಚಿಕೊಂಡು ಬೆರಳು ಕಚ್ಚಿತ್ತು.

ಮಾಮ ಮೂರು ಮಡಚುವ ಚಾಕು ತಂದು ಚರ್ಮದ ಹಾಸಿನ ಮೇಲಿಟ್ಟ. ಮೊದಲನೆಯದರ ಅಲಗು ಗೇಣುದ್ದ, ತುದಿ ಮುಳ್ಳಿನ ಹಾಗೆ ಚೂಪು. ನೋಡಲು ಎಲ್ಲಕ್ಕಿಂತ ಚೆಂದ. ಗ್ರೇಕಾ ಅದನ್ನು ಮುಟ್ಟಲೂ ಇಲ್ಲ.

"ಇದು ಸಂತೇಲಿ ತೋರಿಸ್ಕೊಂಡು ಓಡಾಡೋಕೆ. ಈ ಮೂತಿ ಒಳಗೆ ಹೋದ್ರೆ ಮೊದಲು ಕರುಳಿಗೇ ಚುಚ್ಚುತ್ತೆ."

"ಗೊತ್ತಿದ್ದೇ ಇಟ್ಟೆ," ಎಂದ ಮುದುಕ. "ಗಂಡಸರು ಬಂದ್ರೆ ಹತ್ತರಲ್ಲಿ ಎಂಟು ಜನ ಅದನ್ನೇ ತಗೊಳ್ತಾರೆ."

ಉಳಿದೆರಡರ ಅಲಗೂ ಗಿಡ್ಡ, ಅಗಲ. ಬೆರಳುದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಬಾಯಿ ಬಸುರಿಯ ಹೊಟ್ಟೆಯಂತೆ ಉಬ್ಬಿ, ತುದಿ ಮೊಂಡಾಗಿತ್ತು. ಚರ್ಮದಡಿ ಹಾಯಿಸಿದರೆ ಮಾಂಸ ಕೊರೆಯದೆ ಜಾರಿಕೊಂಡು ಹೋಗುವ ಆಕಾರ. ಒಂದರ ಹಿಡಿ ಕನ್ನಡಿಯ ಹಾಗೆ ನುಣುಪು, ಅಲಗು ತುಕ್ಕು ಹಿಡಿಯದ ಉಕ್ಕಿನದು. ಇನ್ನೊಂದರ ಹಿಡಿಯಲ್ಲಿ ಕೊಂಬಿನ ಒರಟು ಏಣುಗಳನ್ನು ಹಾಗೇ ಬಿಟ್ಟಿದ್ದ. ಅಲಗು ಹಳೇ ತರದ ಕಪ್ಪುಕ್ಕು. ಬಿಚ್ಚಿದಾಗ ಹಿಂಬದಿಯ ಪಟ್ಟಿ ಟಕ್ಕೆಂದು ಕೂತು ಅಲಗನ್ನು ಹಿಡಿದುಕೊಳ್ಳುತ್ತಿತ್ತು.

"ಒಂಚೂರು ಎಣ್ಣೆ ಕೊಡು ಮಾಮ."

ಅವಳು ಅಂಗೈಗೆ ಆಲಿವ್ ಎಣ್ಣೆ ಸವರಿಕೊಂಡು ಎರಡನ್ನೂ ಹಿಡಿದು ನೋಡಿದಳು. ನುಣುಪಿನದು ಮೀನಿನಂತೆ ಜಾರಿತು. ಏಣಿನದು ನಿಂತಿತು. ಅಲಗಿನ ಬೆನ್ನಿಗೆ ಹೆಬ್ಬೆರಳಿಟ್ಟು ಹಲಗೆಗೆ ಒತ್ತಿದಳು, ಮಡಚಲಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹಿಡಿಯ ಸಂದಿಯೊಳಗೆ ಇಣುಕಿದಳು.

"ಇಲ್ಲಿ ರಕ್ತ, ಕೊಬ್ಬು ಹೋಗಿ ಕೂತ್ರೆ?"

"ಬಿಸಿನೀರು ಹೊಯ್ದು ಕಡ್ಡಿ ಆಡಿಸು. ಒರೆಸಿ ಎಣ್ಣೆ ಹಚ್ಚಿಡು. ಒಂದು ದಿನ ಮರೆತ್ಯೋ, ತುಕ್ಕು. ಆ ನುಣುಪಿನದು ತುಕ್ಕು ಹಿಡಿಯಲ್ಲ, ಆದ್ರೆ ಬೆಟ್ಟದಲ್ಲಿ ಮೊಂಡಾದ್ರೆ ಮಸೆಯೋಕೆ ನಿನಗೆ ಅರ್ಧ ದಿನ ಬೇಕು."

"ಮರೆಯಲ್ಲ. ಇದನ್ನೇ ಕೊಡು."

ಮುದುಕ ಚಾಕು ಮಡಚಿ ಅವಳ ಕೈಗಿಟ್ಟ. "ಅವನ ಜಾಗದಲ್ಲಿ ನಿಲ್ಲೋದು ಕಷ್ಟ ಆಗುತ್ತೆ ಕಣಮ್ಮಾ," ಎಂದ. ಗ್ರೇಕಾ ದುಡ್ಡು ಎಣಿಸಿಕೊಟ್ಟು ಬಸ್ಸಿಗೆ ಹೊರಟಳು.

ನವೆಂಬರಿನ ಮೊದಲ ಭಾನುವಾರ ಬೆಟ್ಟದ ತೊರೆಯ ಬಳಿ ಎರಡು ಹಂದಿ ಬಿದ್ದಿದ್ದವು. ಹದಿನೇಳು ಗಂಡಸರು ಬೆಂಕಿಯ ಸುತ್ತ ನಿಂತು ನೋಡುತ್ತಿದ್ದರು. ಒಬ್ಬ "ಅಕ್ಕ, ಬರೀ ಏಪ್ರನ್ ತಂದಿದೀಯೋ, ಲಟ್ಟಣಿಗೇನೂ ತಂದಿದೀಯೋ?" ಎಂದು ಕೆಣಕಿದ.

"ನಿನ್ನ ಬಾಯಿ ಹೊಲಿಯೋಕೆ ಸೂಜೀನೂ ತಂದಿದೀನಿ. ಹಿಂಗಾಲು ಹಿಡ್ಕೊ," ಎಂದಳು ಗ್ರೇಕಾ.

ಹೊಟ್ಟೆಯ ಮೇಲೆ ಸಣ್ಣ ಗಾಯ ಮಾಡಿ, ಎಡಗೈಯ ಎರಡು ಬೆರಳು ಒಳಗಿಟ್ಟು ಕರುಳನ್ನು ಕೆಳಗೊತ್ತಿ, ಬೆರಳುಗಳ ನಡುವೆ ಅಲಗಿನ ಬಾಯಿ ಮೇಲೆ ಮಾಡಿ ಎದೆಗೂಡಿನವರೆಗೆ ಸೀಳಿದಳು. ಹನಿ ಪಿತ್ತ ಚೆಲ್ಲಲಿಲ್ಲ. ಕಾಲುಗಳ ಸುತ್ತ ಬಳೆಯಂತೆ ಕೊಯ್ದು ಒಳತೊಡೆಯಿಂದ ಚರ್ಮ ಬಿಡಿಸುತ್ತ ಹೋದಳು. ಕೆಣಕಿದವನು ಅವಳು ಹೇಳಿದ ಕಡೆಗೆಲ್ಲ ಕಾಲು ತಿರುಗಿಸಿಕೊಡುತ್ತಿದ್ದ. ಎರಡನೆಯ ಹಂದಿಗೆ ಕೈ ಹಾಕುವ ಮೊದಲು ಕಲ್ಲಿನ ಮೇಲೆ ಚಾಕು ಮಸೆಯುವ ನೆವದಲ್ಲಿ ಸ್ವಲ್ಪ ಹೊತ್ತು ಎಲ್ಲರಿಗೂ ಬೆನ್ನು ಹಾಕಿ ಕೂತಳು. ಪ್ರಿಯಾಮೊ ಬಿದ್ದ ಪೊದೆ ಆ ತೊರೆಯ ಆಚೆಗೇ ಇತ್ತು.

ಪಾಲು ಹಾಕಿದಾಗ ಸೊಪ್ಪಿನ ಮೇಲೆ ಹತ್ತೊಂಬತ್ತು ಗುಡ್ಡೆ. ಹದಿನೇಳು ಗಂಡಸರಿಗೆ, ಒಂದು ಅವಳಿಗೆ. ಇನ್ನೊಂದು ಯಾರಿಗೆಂದು ಯಾರೂ ಕೇಳಲಿಲ್ಲ. ಹಾಸಿಗೆ ಹಿಡಿದವರು ಯಾರಾದರೂ ಇರಬೇಕು ಅಂದುಕೊಂಡರು. ವಾಡಿಕೆಯಂತೆ, ಯಾರಿಗೂ ಹೆಚ್ಚುಕಮ್ಮಿ ಆಗದಿರಲೆಂದು, ಪಾಲು ಹಾಕಿದವಳು ಬೆನ್ನು ತಿರುಗಿಸಿ ನಿಂತಳು. ಆಂತಿಯೋಗು ಒಂದೊಂದೇ ಗುಡ್ಡೆ ಮುಟ್ಟಿ "ಇದು ಯಾರದ್ದು?" ಎನ್ನುತ್ತಿದ್ದ. ಅವಳು ಕಾಣದೆಯೇ ಒಂದೊಂದು ಹೆಸರು ಹೇಳುತ್ತಿದ್ದಳು.

"ಇದು ಯಾರದ್ದು?"

"ಎಲಿಯಾಂದು."

ಆಂತಿಯೋಗು ಗುಡ್ಡೆಯಿಂದ ಕೈ ತೆಗೆದು ಮೆಲ್ಲಗೆ ಹೇಳಿದ: "ಅವನು ಬಂದಿಲ್ಲ ಅಕ್ಕ."

"ಹೋದ ವರ್ಷ ನಾನೂ ಬಂದಿರ್ಲಿಲ್ಲ. ಮುಂದಿನದು ಮುಟ್ಟು."

ಆ ಪಾಲನ್ನು ಅವಳೇ ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿಕೊಂಡು ಹೋದಳು. ಎಲಿಯಾನ ಹೆಂಡತಿ ಬೊನಾರಿಯಾ ಬಾಗಿಲು ತೆಗೆದು, ಬಂದವಳನ್ನು ಕಂಡು ಗೋಡೆ ಹಿಡಿದುಕೊಂಡಳು. ಒಲೆಯ ಮುಂದೆ ಕೂತಿದ್ದ ಎಲಿಯಾ ಎದ್ದು ನಿಂತ. ಎರಡು ವರ್ಷದಲ್ಲಿ ಅರ್ಧಕ್ಕಿಳಿದಿದ್ದ. ಗ್ರೇಕಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ನಂಗೆ ಗಂಟಲಲ್ಲಿ ಇಳಿಯಲ್ಲ ಗ್ರೇಕಾ," ಎಂದ ಅವನು.

"ತಿನ್ನು ಅಂತ ಬಂದಿಲ್ಲ. ಒಂದು ಕೇಳ್ಬೇಕಿತ್ತು. ಕೋರ್ಟಲ್ಲಿ ಯಾರೂ ಕೇಳ್ಲಿಲ್ಲ. ಸಾಯೋ ಮುಂಚೆ ಅವರು ಏನಾದ್ರೂ ಹೇಳಿದ್ರಾ?"

ಎಲಿಯಾ ತನ್ನ ಕೈಗಳನ್ನು ನೋಡಿಕೊಂಡ. "ನೀರು ಕೇಳ್ದ. ನನ್ನ ಹತ್ರ ಇರ್ಲಿಲ್ಲ. ಟೋಪೀಲಿ ತರೋಣ ಅಂತ ತೊರೆಗೆ ಓಡಿದೆ. ಬರೋಷ್ಟರಲ್ಲಿ..."

ಗ್ರೇಕಾ ಕುರ್ಚಿ ಎಳೆದುಕೊಂಡು ಕೂತಳು. ಬೇರೆಯವರ ಎದುರಿಗೆ ಅವಳು ಗಂಡನಿಗಾಗಿ ಅತ್ತದ್ದು ಅದೇ ಮೊದಲು, ಅದೇ ಕೊನೆ. ಬೊನಾರಿಯಾ ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು. ಅವಳು ಕುಡಿದಳು.

ಊರಿನ ಪಾದ್ರಿ ಆಮೇಲೊಂದು ದಿನ, ಎಲಿಯಾನನ್ನು ಕ್ಷಮಿಸಿದ್ದು ದೊಡ್ಡ ಪುಣ್ಯದ ಕೆಲಸವೆಂದು ಹೊಗಳಿದರು. "ಕ್ಷಮಿಸಿದೀನೋ ಇಲ್ವೋ ನಂಗೇ ಗೊತ್ತಿಲ್ಲ ಸ್ವಾಮಿ," ಎಂದಳು ಗ್ರೇಕಾ. "ನಂಗೆ ಪಾಲು ಹಾಕೋದು ಗೊತ್ತು."

ಹನ್ನೊಂದು ಚಳಿಗಾಲ ಅವಳು ಆ ತಂಡದ ಹಂದಿ ಸುಲಿದಳು. ಎಲಿಯಾ ಮತ್ತೆಂದೂ ಬೆಟ್ಟ ಹತ್ತಲಿಲ್ಲ. ಆದರೆ ಅವನ ಪಾಲಿನ ತಟ್ಟೆ ಪ್ರತಿ ಭಾನುವಾರ ಹೋಗುತ್ತಿತ್ತು. ಆ ಮೊದಲ ಚಳಿಗಾಲದ ಮೂರನೆಯ ಭಾನುವಾರ ಬೊನಾರಿಯಾ, ಬಂದ ತಟ್ಟೆಯನ್ನು ಬರಿದಾಗಿ ಕಳಿಸಬಾರದೆಂದು, ಬಿಸಿ ರೊಟ್ಟಿ ಇಟ್ಟು ಗಂಡನ ಕೈಗೆ ಕೊಟ್ಟಳು. ಅವನು ಬಾಗಿಲು ದಾಟಿ, ಹಗಲು ಬೆಳಕಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ಓಣಿ ಹಿಡಿದು ಗ್ರೇಕಾಳ ಮನೆಯವರೆಗೆ ನಡೆದುಕೊಂಡು ಹೋದ.